ಹತ್ತು ಸಾವಿರ ತೆಗೆಯಾಕ ಎರಡು ಸಾವಿರ ಖರ್ಚು

ಕಳೆದ ವರ್ಷ ಸೆಮಿಸ್ಟರ್ ರಜೆಗೆ ಗಲಗಲಿಗೆ ಹೋಗಿದ್ದಾಗ ನಮ್ಮ ಕಾಕಾ ತಮ್ಮ ಪಾಸ್‌ಬುಕ್ ತಂದು ಮುಂದೆ ಇಟ್ಟರು. ಜೊತೆಗೆ ಹಾಸ್ಟೆಲಿನ ಇಬ್ಬರು ರೂಮ್‌ಮೇಟ್‌ಗಳೂ ಬಂದಿದ್ದರು, ಒಬ್ಬ ಜಮಖಂಡಿಯವನು, ಇನ್ನೊಬ್ಬ ರಬಕವಿಯವನು. "ಎಂಜಿನಿಯರಿಂಗ್ ಓದಾಕತ್ತೀರಿ ಅಲ್ಲಾ, ಇದೇನ್ ಐತಿ ನೋಡಿ ಹೇಳ್ರಪಾ. ನಾ ತೆಗದದ್ದು ಹತ್ತು ಸಾವಿರ, ಹೋಗಿದ್ದು ಹನ್ನೆರಡು ಸಾವಿರದ ಮುನ್ನೂರು" ಅಂದರು.

ನಮಗೆ ಮೂವರಿಗೂ ಗೊತ್ತಾಗಲಿಲ್ಲ. ಪ್ರಾಬಬಿಲಿಟಿ ಪೇಪರ್ ಪಾಸ್ ಮಾಡಿದವರು ನಾವು, ಒಂದು ಪಾಸ್‌ಬುಕ್ ಓದೋಕೆ ಬರಲಿಲ್ಲ. ಅವತ್ತು ಸಂಜೆ ಕೃಷ್ಣಾ ನದಿ ದಂಡೆಗೆ ಹೋಗಿ ಕೂತು ಫೋನಿನ ಕ್ಯಾಲ್ಕುಲೇಟರ್ ತೆಗೆದೆವು. ಆಮೇಲೆ ಹಾಸ್ಟೆಲ್‌ಗೆ ಬಂದು ಬ್ಯಾಂಕುಗಳ ಚಾರ್ಜ್ ಪಟ್ಟಿಗಳನ್ನೂ ರಿಸರ್ವ್ ಬ್ಯಾಂಕಿನ ನಿಯಮಗಳನ್ನೂ ಓದಿದೆವು. ಈ ಲೇಖನ ಅದರಿಂದ ಹುಟ್ಟಿದ್ದು. ಪ್ಲೇಸ್‌ಮೆಂಟ್ ಆದ ಸೀನಿಯರ್‌ಗಳು ಬ್ಯಾಂಕಾಕ್, ವಿಯೆಟ್ನಾಂ ಅಂತ ಗ್ರೂಪ್ ಮಾಡ್ತಾ ಇದ್ದಾರೆ, ಹೊರಡುವ ಮುಂಚೆ ಇದನ್ನೊಮ್ಮೆ ಓದಿಬಿಡಿ.

ಮೊದಲು ಕಥೆ ಹೇಳಿಬಿಡ್ತೀವಿ. 2025ರ ಮೇ ತಿಂಗಳಲ್ಲಿ ನಮ್ಮ ಕಡೆಯಿಂದ ಒಂದು ಯಾತ್ರಾ ಬಸ್ ಹೊರಟಿತ್ತು. ಕಾಶಿ, ಅಯೋಧ್ಯೆ, ಗೋರಖಪುರ ಮುಗಿಸಿ ಸೋನೌಲಿ ಗಡಿ ದಾಟಿ ನೇಪಾಳ. ಆಯಿಗೆ ಮುಕ್ತಿನಾಥ ನೋಡಬೇಕು ಅನ್ನೋದು ಬಹಳ ವರ್ಷದ ಆಸೆ. ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಗಂಡಕಿ ನದಿಯದು, ಆ ನದಿ ಹರಿಯುವ ಕಡೆ ಒಮ್ಮೆ ಹೋಗಿ ಬರಬೇಕು ಅಂತ. ಅಪ್ಪ, ಅವ್ವ, ಕಾಕಾ, ಆಯಿ ನಾಲ್ಕೂ ಜನ ಹೋದರು. ಬಸ್ಸಿನವರು "ಅಲ್ಲಿ ನಮ್ಮ ರೊಕ್ಕನ ನಡೀತೈತ್ರಿ, ಚಿಂತಿ ಮಾಡಬ್ಯಾಡ್ರಿ" ಅಂದಿದ್ದರು. ಕಬ್ಬಿನ ಬಿಲ್ಲಿನಲ್ಲಿ ಉಳಿದ ದುಡ್ಡನ್ನು ಅಪ್ಪ ಐನೂರರ ನೋಟು ಮಾಡಿ ಒಳಜೇಬಿನಲ್ಲಿ ಇಟ್ಟುಕೊಂಡರು.

ಬಸ್ಸಿನವರು ಹೇಳಿದ್ದು ಅರ್ಧ ನಿಜ. ನೇಪಾಳದಲ್ಲಿ ನಮ್ಮ ರೂಪಾಯಿ ಬಹಳ ಕಡೆ ನಡೆಯುತ್ತೆ, ಆದರೆ ನಡೆಯುತ್ತಿದ್ದದ್ದು ನೂರರ ನೋಟು ಮತ್ತು ಅದಕ್ಕಿಂತ ಸಣ್ಣವು. ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನೇಪಾಳ ಸರ್ಕಾರ 2018ರ ಡಿಸೆಂಬರಿನಲ್ಲೇ ನಿಷೇಧಿಸಿತ್ತು. ಈ ನಿಯಮ ಎರಡೂ ಕಡೆಯಿಂದ ಆಗಾಗ ಬದಲಾಗುತ್ತೆ, ಹೋಗುವ ವಾರದಲ್ಲಿ ಕೇಳಿಕೊಂಡೇ ಹೋಗಬೇಕು. ನಮ್ಮವರು ಹೋದಾಗ ಐನೂರರ ನೋಟು ಯಾವ ಅಂಗಡಿಯವನೂ ಮುಟ್ಟಲಿಲ್ಲ.

ಮುಕ್ತಿನಾಥ 3,700 ಮೀಟರಿಗೂ ಎತ್ತರದಲ್ಲಿದೆ. ಆಯಿಗೆ ಅಲ್ಲಿ ಉಸಿರು ಹಿಡೀತು. ದರ್ಶನ ಆಯ್ತು, ಆದರೆ ಕೆಳಗೆ ಪೋಖರಾಕ್ಕೆ ಕರೆತಂದು ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಡಬೇಕಾಯ್ತು. ಅಲ್ಲಿ ಡಿಪಾಸಿಟ್ ಕೇಳಿದರು. ಅಪ್ಪನ ಕಾರ್ಡ್ ಎಟಿಎಮ್‌ಗೆ ಹಾಕಿದರೆ ತಿರಸ್ಕಾರ. ಮತ್ತೊಂದು ಎಟಿಎಮ್, ಅಲ್ಲೂ ಅದೇ. ಖಾತೆಯಲ್ಲಿ ದುಡ್ಡಿದೆ, ಕೈಯಲ್ಲಿ ಕಾರ್ಡ್ ಇದೆ, ತಾಯಿ ಬೆಡ್ ಮೇಲೆ ಇದ್ದಾರೆ, ಮಷಿನ್ ಮಾತ್ರ ಕೊಡ್ತಾ ಇಲ್ಲ. ಅಪ್ಪ ಆಮೇಲೆ ಇದರ ಬಗ್ಗೆ ಮಾತೇ ಆಡಿಲ್ಲ, ಅವ್ವ ಹೇಳಿದ್ದು.

ಕೊನೆಗೆ ಕಾಕಾನ ಕಾರ್ಡ್ ನಡೀತು. ಆದರೆ ಕಾಕಾ ಒಮ್ಮೆಗೆ ನಾಲ್ಕು ಸಾವಿರ ನೇಪಾಳಿ ರೂಪಾಯಿಯಂತೆ ನಾಲ್ಕು ಸಲ ತೆಗೆದರು. ಯಾಕೆ ಅಂದ್ರೆ, "ಪರದೇಶದ ಮಷಿನ್, ಒಮ್ಮಿಗೇ ದೊಡ್ಡ ನಂಬರ್ ಒತ್ತಿದ್ರ ನುಂಗಿಬಿಟ್ರ ಯಾರನ್ನ ಕೇಳೂಣು?" ಉಳಿದದ್ದನ್ನು ಬಸ್ಸಿನಲ್ಲಿದ್ದ ಮುಧೋಳದ ಯಜಮಾನರೊಬ್ಬರು ನೂರರ ನೋಟಿನ ಕಟ್ಟು ಬಿಚ್ಚಿ ಕೊಟ್ಟರು. ಅವರು ಎರಡನೇ ಸಲ ಬಂದಿದ್ದವರು, ಗೊತ್ತಿತ್ತು. ಆಯಿ ಈಗ ಆರಾಮಾಗಿ ಇದ್ದಾರೆ, ಬಂದವರಿಗೆಲ್ಲ ಮುಕ್ತಿನಾಥದ ನೂರೆಂಟು ಧಾರೆಗಳ ಕಥೆ ಹೇಳ್ತಾರೆ.

ಈಗ ಪಾಸ್‌ಬುಕ್ಕಿಗೆ ಬರೋಣ. ಅಡತಿ ಅಂಗಡಿಗೆ ಮಾಲು ಹಾಕಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಮಹಾಲಿಂಗಪುರಕ್ಕೆ ಬೆಲ್ಲ ಒಯ್ದರೆ ಕೈಗೆ ಒಂದು ಪಟ್ಟಿ ಬರುತ್ತೆ: ಮಾಲಿನ ದರ ಇಷ್ಟು, ಹಮಾಲಿ ಇಷ್ಟು, ತೂಕಕ್ಕೆ ಇಷ್ಟು, ಉಳಿದದ್ದು ಇಷ್ಟು. ಹೊರದೇಶದಲ್ಲಿ ಕಾರ್ಡ್ ಉಜ್ಜಿದಾಗಲೂ ಹಾಗೇ ಮೂರು ನಾಲ್ಕು ಕೈಗಳು ತಮ್ಮ ಪಾಲು ತಗೊಳ್ತವೆ. ವ್ಯತ್ಯಾಸ ಏನಂದ್ರೆ ಪಟ್ಟಿ ಕೈಗೆ ಬರೋದಿಲ್ಲ. ಒಂದೊಂದು ಪಾಲು ಒಂದೊಂದು ದಿನ ಪಾಸ್‌ಬುಕ್ಕಿನಲ್ಲಿ ಒಂದೊಂದು ಸಾಲಾಗಿ ಕಾಣಿಸಿಕೊಳ್ಳುತ್ತೆ, ಕೆಲವು ಕಾಣಿಸಿಕೊಳ್ಳೋದೇ ಇಲ್ಲ, ದರದೊಳಗೇ ಸೇರಿಹೋಗಿರ್ತವೆ.

ಕಾಕಾನ ಲೆಕ್ಕ ಹೀಗಿದೆ. ನೇಪಾಳಿ ರೂಪಾಯಿಯನ್ನು 1993ರಿಂದ ನಮ್ಮ ರೂಪಾಯಿಗೆ 1.60ರ ದರದಲ್ಲಿ ಕಟ್ಟಿಹಾಕಿದ್ದಾರೆ, ಅಂದ್ರೆ ನಮ್ಮ ನೂರು ಅವರ ನೂರಾ ಅರವತ್ತು. ನಾಲ್ಕು ಸಾವಿರ ನೇಪಾಳಿ ಅಂದ್ರೆ ನಮ್ಮ 2,500. ನಾಲ್ಕು ಸಲಕ್ಕೆ 10,000.

ಮೊದಲ ಪಾಲು ಆ ಎಟಿಎಮ್ ಯಾರದೋ ಆ ಬ್ಯಾಂಕಿನದು. ಹೊರದೇಶದ ಕಾರ್ಡ್ ಹಾಕಿದ್ದಕ್ಕೆ ಸಲಕ್ಕೆ 500 ನೇಪಾಳಿ, ಅಂದ್ರೆ ನಮ್ಮ 312 ರೂಪಾಯಿ 50 ಪೈಸೆ. ಇದು ಸ್ಕ್ರೀನಿನ ಮೇಲೆ ತೋರಿಸಿ, ಒಪ್ಪಿಗೆ ಕೇಳಿಯೇ ಹಿಡಿಯುತ್ತೆ. ಕಾಕಾ ಒಪ್ಪಿಗೆ ಒತ್ತಿದ್ದರು, ಓದಿರಲಿಲ್ಲ ಅಷ್ಟೇ. ನಾಲ್ಕು ಸಲಕ್ಕೆ 1,250.

ಎರಡನೆಯದು ಇಲ್ಲಿನ ನಮ್ಮ ಬ್ಯಾಂಕಿನದು. ಹೊರದೇಶದ ಎಟಿಎಮ್ ಬಳಸಿದ್ದಕ್ಕೆ ಸಲಕ್ಕೆ 125, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 147 ರೂಪಾಯಿ 50 ಪೈಸೆ. ನಾಲ್ಕು ಸಲಕ್ಕೆ 590.

ಮೂರನೆಯದಕ್ಕೆ ಮಾರ್ಕ್‌ಅಪ್ ಅಂತಾರೆ. ಬೇರೆ ದೇಶದ ಹಣವನ್ನು ರೂಪಾಯಿಗೆ ತಿರುಗಿಸುವಾಗ ವೀಸಾ, ಮಾಸ್ಟರ್‌ಕಾರ್ಡ್ ತರಹದ ಸಂಸ್ಥೆಗಳು ತಮ್ಮ ದಿನದ ದರ ಹಾಕ್ತವೆ. ಆ ದರ ಬಹುತೇಕ ಸರಿಯಾಗೇ ಇರುತ್ತೆ, ಅವರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅದರ ಮೇಲೆ ನಮ್ಮ ಬ್ಯಾಂಕು ಶೇಕಡಾವಾರು ಏರಿಸುತ್ತೆ. ಹೆಚ್ಚಿನ ಬ್ಯಾಂಕುಗಳಲ್ಲಿ ಇದು 2ರಿಂದ 3.5 ಪರ್ಸೆಂಟ್, ಅದರ ಮೇಲೂ 18 ಪರ್ಸೆಂಟ್ ಜಿಎಸ್‌ಟಿ. 3.5 ಅಂತ ಬರೆದಿದ್ದರೆ ನಿಜವಾಗಿ ಹೋಗೋದು 4.13. ಇದರಲ್ಲಿ ಇನ್ನೊಂದು ಕಿತಾಪತಿ ಇದೆ: ಅಲ್ಲಿನ ಎಟಿಎಮ್ ಹಿಡಿದ 500 ಕೂಡ ಒಟ್ಟು ಮೊತ್ತದಲ್ಲೇ ಸೇರಿ ಬರುವುದರಿಂದ ಮಾರ್ಕ್‌ಅಪ್ ಅದರ ಮೇಲೂ ಬೀಳುತ್ತೆ. ಫೀಸಿನ ಮೇಲೆ ಫೀಸು. 11,250ಕ್ಕೆ 4.13 ಪರ್ಸೆಂಟ್ ಅಂದ್ರೆ ಸುಮಾರು 465.

1,250, 590, 465. ಕೂಡಿಸಿದರೆ 2,305. ಕಾಕಾನ ಲೆಕ್ಕ ತಾಳೆ ಆಯ್ತು, ನದಿ ದಂಡೆ ಮೇಲೆ ನಾವು ಮೂವರೂ ಶಿಳ್ಳೆ ಹಾಕಿದೆವು. ಆಮೇಲೆ ರಬಕವಿಯವನು ಕೇಳಿದ, ಇದನ್ನೇ ಒಂದೇ ಸಲ ಹದಿನಾರು ಸಾವಿರ ನೇಪಾಳಿ ತೆಗೆದಿದ್ದರೆ? ಅಲ್ಲಿನ ಫೀಸು ಒಂದೇ ಸಲ 312.50, ಇಲ್ಲಿನದು 147.50, ಮಾರ್ಕ್‌ಅಪ್ ಸುಮಾರು 426. ಒಟ್ಟು 886. ಬ್ಯಾಂಕ್ ಬದಲಿಸಬೇಕಿಲ್ಲ, ಕಾರ್ಡ್ ಬದಲಿಸಬೇಕಿಲ್ಲ. ನಾಲ್ಕು ಸಲದ ಬದಲು ಒಂದು ಸಲ ಒತ್ತಿದ್ದರೆ 1,400 ರೂಪಾಯಿ ಉಳಿತಿತ್ತು. ಕಾಕಾಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಒಂದು ಚೀಲ ಗೊಬ್ಬರ ಬರ್ತಿತ್ತಲ್ಲೋ" ಅಂದರು.

ಅಪ್ಪನ ಕಾರ್ಡ್ ಯಾಕೆ ನಡೀಲಿಲ್ಲ ಅನ್ನೋದು ಫೀಸಿಗಿಂತ ದೊಡ್ಡ ವಿಷಯ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಆದೇಶ ಕೊಟ್ಟಿತು, ಮಾರ್ಚ್ 16ರಿಂದ ಜಾರಿಯಾಯ್ತು. ಹೊಸದಾಗಿ ಕೊಡುವ ಕಾರ್ಡುಗಳು ಭಾರತದೊಳಗಿನ ಎಟಿಎಮ್ ಮತ್ತು ಅಂಗಡಿಗಳಲ್ಲಿ ಮಾತ್ರ ನಡೆಯಬೇಕು, ಹೊರದೇಶದ ಬಳಕೆ ಬೇಕಿದ್ದರೆ ಗ್ರಾಹಕರೇ ಆನ್ ಮಾಡಿಕೊಳ್ಳಬೇಕು. ಒಳ್ಳೆಯ ನಿಯಮವೇ, ಕಳ್ಳರಿಂದ ಕಾಪಾಡುತ್ತೆ. ಆದರೆ ಗಲಗಲಿಯಲ್ಲಿ ಕೂತು ಆನ್ ಮಾಡೋದು ಎರಡು ನಿಮಿಷದ ಕೆಲಸ, ಪೋಖರಾದಲ್ಲಿ ನಿಂತು ಮಾಡೋದು ಆಗದ ಕೆಲಸ. ಅಪ್ಪನ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇರಲಿಲ್ಲ. ಹಾಸ್ಟೆಲಿನಿಂದ ನಾವು ಏನಾದರೂ ಮಾಡೋಣ ಅಂದ್ರೆ ಒಟಿಪಿ ಅಪ್ಪನ ನಂಬರಿಗೇ ಹೋಗುತ್ತೆ, ಆ ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ. ಗಡಿ ದಾಟಿದ ಕೂಡಲೇ ಸಿಮ್ ಸತ್ತಿತ್ತು. ಅವರು ನಮಗೆ ಫೋನ್ ಮಾಡಿದ್ದೇ ಆಸ್ಪತ್ರೆಯ ವೈಫೈನಲ್ಲಿ ಅವ್ವನ ವಾಟ್ಸಾಪಿನಿಂದ.

ಹಾಗಾಗಿ ಹೊರಡುವ ಮುಂಚೆ ಮನೆಯಲ್ಲೇ ಮಾಡಬೇಕಾದ್ದು ಇದು: ಆ್ಯಪ್‌ನಲ್ಲೋ ಬ್ರಾಂಚಿಗೆ ಹೋಗಿಯೋ ಹೊರದೇಶದ ಬಳಕೆ ಆನ್ ಮಾಡಿಸಿ. ಎಟಿಎಮ್, ಅಂಗಡಿ, ಆನ್‌ಲೈನ್ ಮೂರಕ್ಕೂ ಬೇರೆ ಬೇರೆ ಸ್ವಿಚ್ ಇರುತ್ತೆ. ಅಲ್ಲೇ ದಿನದ ಮಿತಿ ಹಾಕುವ ಜಾಗವೂ ಇದೆ, ಅದನ್ನು ತೀರಾ ಮೇಲೆ ಬಿಡಬೇಡಿ. ಹೊರದೇಶದ ಕೆಲವು ವೆಬ್‌ಸೈಟುಗಳು ಒಟಿಪಿ ಕೇಳೋದೇ ಇಲ್ಲ. ಕಡಿಮೆ ಬೆಲೆಯ ರೋಮಿಂಗ್ ಪ್ಯಾಕ್ ಒಂದು ಹಾಕಿಸಿ, ಕರೆ ಮಾಡೋಕಲ್ಲ, ಒಟಿಪಿ ಬರಲಿ ಅಂತ. ಮತ್ತೆ ಒಂದೇ ಮನೆಯವರು ಹೋಗೋದಾದರೆ ಎರಡು ಬೇರೆ ಬ್ಯಾಂಕಿನ ಕಾರ್ಡ್ ಇರಲಿ. ನಮ್ಮನ್ನು ಉಳಿಸಿದ್ದು ಅದೇ.

ನೇಪಾಳಕ್ಕೆ ಹೋಗುವವರಿಗೆ ಇನ್ನೊಂದು ದಾರಿ ಇದೆ, ನಮ್ಮವರಿಗೆ ಗೊತ್ತಿರಲಿಲ್ಲ. 2024ರ ಮಾರ್ಚಿನಿಂದ ಅಲ್ಲಿನ ಅಂಗಡಿಗಳ ಕ್ಯೂಆರ್‌ಗೆ ನಮ್ಮ ಯುಪಿಐನಿಂದ ದುಡ್ಡು ಕೊಡಬಹುದು. ಅಲ್ಲಿ ಅದನ್ನು ನಡೆಸುವ ಸಂಸ್ಥೆಯ ಹೆಸರು ಕಿವಿಗೆ ಥೇಟ್ ನಮ್ಮ ಫೋನ್‌ಪೇ ಅಂತಲೇ ಕೇಳಿಸುತ್ತೆ, ಇಂಗ್ಲಿಷಿನಲ್ಲಿ ಬರೆಯುವ ಅಕ್ಷರ ಬೇರೆ. ಎರಡೂ ಬೇರೆ ಬೇರೆ ಕಂಪನಿ. ಬೋರ್ಡ್ ನೋಡಿ ಅಪ್ಪ "ಇಲ್ಲೂ ನಮ್ಮ ಫೋನ್‌ಪೇ ಐತಿ ನೋಡು" ಅಂತ ಖುಷಿಪಟ್ಟಿದ್ದರಂತೆ, ಆದರೆ ನೆಟ್ ಇಲ್ಲದೆ ಸ್ಕ್ಯಾನ್ ಮಾಡೋಕೆ ಆಗಿಲ್ಲ. ಕೆಲವು ಆ್ಯಪ್‌ಗಳಲ್ಲಿ ಹೊರದೇಶದ ಯುಪಿಐ ಅನ್ನೋದನ್ನೂ ಮೊದಲೇ ಆನ್ ಮಾಡಬೇಕು. ಸ್ಕ್ಯಾನ್ ಮಾಡಿದಾಗ ರೂಪಾಯಿ ಎಷ್ಟು ಅಂತ ಪಿನ್ ಹಾಕುವ ಮುಂಚೆಯೇ ತೋರಿಸುತ್ತೆ. ಇದು ನಮಗೆ ಬಹಳ ಹಿಡಿಸಿತು, ಪಟ್ಟಿ ಮೊದಲೇ ಕೈಗೆ ಬಂದಂಗೆ. ಭೂತಾನದಲ್ಲಿ 2021ರಿಂದ, ಶ್ರೀಲಂಕಾ ಮತ್ತು ಮಾರಿಷಸ್‌ನಲ್ಲಿ 2024ರ ಫೆಬ್ರವರಿಯಿಂದ ಯುಪಿಐ ಇದೆ. ಪ್ಯಾರಿಸ್ಸಿನ ಐಫೆಲ್ ಟವರ್ ಟಿಕೆಟ್ಟಿಗೂ ಅದೇ ತಿಂಗಳು ಶುರುವಾಯ್ತು. ಆದರೆ ಎಲ್ಲ ಅಂಗಡಿಯಲ್ಲೂ ಇರುತ್ತೆ ಅಂತ ನಂಬಿ ಬರಿಗೈಲಿ ಹೋಗಬೇಡಿ. ಅಲ್ಲಿ ಲೋಕಲ್ ಸಿಮ್ ಹಾಕೋಕೆ ನಮ್ಮ ಸಿಮ್ ತೆಗೆದರೆ ಯುಪಿಐ ಆ್ಯಪ್ ಮುನಿಸಿಕೊಳ್ಳುತ್ತೆ, ಅದು ಸಿಮ್‌ಗೆ ಅಂಟಿಕೊಂಡಿರುತ್ತೆ. ಎರಡು ಸಿಮ್ ಹಿಡಿಯುವ ಫೋನ್ ಇದ್ದರೆ ಈ ತಂಟೆ ಇಲ್ಲ.

ಇನ್ನು ಬ್ಯಾಂಕಾಕ್ ಪಾರ್ಟಿ. ನಿಮಗೆ ಫಾರೆಕ್ಸ್ ಕಾರ್ಡ್ ಅಂತ ಒಂದು ಸಿಗುತ್ತೆ, ಅದರ ಜಾಹೀರಾತು ಎಲ್ಲ ಕಡೆ ಇದೆ. ಮೊಬೈಲಿಗೆ ರೀಚಾರ್ಜ್ ಮಾಡಿದಂಗೆ ಇಲ್ಲೇ ದುಡ್ಡು ತುಂಬಿಸಿಕೊಂಡು ಹೋಗೋದು, ದರ ತುಂಬಿಸಿದ ದಿನವೇ ಗಟ್ಟಿಯಾಗುತ್ತೆ. (ನೇಪಾಳ, ಭೂತಾನಕ್ಕೆ ಇದು ನಡೆಯೋದಿಲ್ಲ, ಆ ಎರಡು ದೇಶಕ್ಕೆ ವಿದೇಶಿ ವಿನಿಮಯ ಕೊಡುವ ಹಾಗೇ ಇಲ್ಲ.) ಆದರೆ ಡಾಲರ್ ತುಂಬಿಸಿ ಬಾತ್‌ನಲ್ಲಿ ಖರ್ಚು ಮಾಡಿದರೆ ಮತ್ತೆ ಒಂದು ಸಲ ಮಾರ್ಕ್‌ಅಪ್ ಬೀಳುತ್ತೆ. ಯಾವ ದೇಶಕ್ಕೆ ಹೋಗ್ತೀರೋ ಆ ದೇಶದ ಹಣವನ್ನೇ ತುಂಬಲು ಆಗುತ್ತಾ ಅಂತ ಮೊದಲು ಕೇಳಿ. ಕಾರ್ಡಿನ ಬೆಲೆ, ಮತ್ತೆ ತುಂಬಿಸುವ ಫೀಸು, ಉಳಿದ ದುಡ್ಡು ವಾಪಸ್ ತೆಗೆಯುವಾಗಿನ ದರ, ಇವನ್ನೂ ಕೇಳಿ. ತುಂಬಿಸುವಾಗ ಬ್ಯಾಂಕ್ ಕೊಡುವ ದರದಲ್ಲೇ ಅದರ ಲಾಭ ಸೇರಿರುತ್ತೆ, ಸೊನ್ನೆ ಫೀಸು ಅಂತ ಬರೆದಿದ್ದರೂ. ಅವತ್ತಿನ ವೀಸಾ ದರದ ಜೊತೆ ಹೋಲಿಸಿ ನೋಡಿದರೆ ಗೊತ್ತಾಗುತ್ತೆ.

ಮಾರ್ಕ್‌ಅಪ್ ಸೊನ್ನೆ ಇರುವ ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡುಗಳೂ ಈಗ ಇವೆ. ಸಂಬಳ ಇಲ್ಲದ ನಮ್ಮಂಥವರಿಗೆ ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ಕೊಡುವ ಬ್ಯಾಂಕುಗಳಿವೆ. ನಮ್ಮ ಅಭಿಪ್ರಾಯ ಕೇಳಿದರೆ, ಸ್ಟೂಡೆಂಟ್‌ಗಳಿಗೆ ಮಾರ್ಕ್‌ಅಪ್ ಸೊನ್ನೆ ಇರುವ ಡೆಬಿಟ್ ಕಾರ್ಡ್ ಸಾಕು. ಕ್ರೆಡಿಟ್ ಕಾರ್ಡ್ ತಗೊಂಡರೆ ಅದನ್ನು ಎಟಿಎಮ್‌ಗೆ ಮಾತ್ರ ಹಾಕಬೇಡಿ, ನಗದು ತೆಗೆದ ದಿನದಿಂದಲೇ ಬಡ್ಡಿ ಓಡುತ್ತೆ, ಬಿಲ್ ಬರುವ ತನಕ ಕಾಯೋದಿಲ್ಲ.

ಮಾರ್ಕ್‌ಅಪ್ ಸೊನ್ನೆ ಇದ್ದರೂ ಆ ದೇಶದ ಎಟಿಎಮ್ ತನ್ನ ಪಾಲು ಬಿಡೋದಿಲ್ಲ. ಥಾಯ್ಲೆಂಡಿನಲ್ಲಿ ಹೊರದೇಶದ ಕಾರ್ಡಿಗೆ ಸಲಕ್ಕೆ 220 ಬಾತ್ ಅನ್ನೋದು ವರ್ಷಗಟ್ಟಲೆ ಹೆಸರಾಗಿತ್ತು. ಬಾತ್‌ಗೆ 2.70 ರೂಪಾಯಿ ಹಿಡಿದರೆ ಸುಮಾರು 594. ನಾಲ್ಕು ಜನ ನಾಲ್ಕು ಸಲ ತೆಗೆಯುವ ಬದಲು ಒಬ್ಬರು ಒಮ್ಮೆ ತೆಗೆದು ಹಂಚಿಕೊಳ್ಳಿ, ಆಮೇಲೆ ನಮ್ಮಲ್ಲೇ ಯುಪಿಐನಲ್ಲಿ ಲೆಕ್ಕ ಚುಕ್ತಾ ಮಾಡಿ. ಕಾಕಾನ ತಪ್ಪನ್ನು ನಾಲ್ಕು ಜನ ಸೇರಿ ಮಾಡೋದು ಬೇಡ.

ಈಗ ನಾವು ಅತಿ ಹೆಚ್ಚು ಸಿಟ್ಟಾದ ವಿಷಯ. ಮಾಲಿನಲ್ಲಿ ಕಾರ್ಡ್ ಕೊಡ್ತೀರಿ, ಮಷಿನ್ ಕೇಳುತ್ತೆ: ಬಾತ್‌ನಲ್ಲಿ ಕೊಡ್ತೀರೋ, ಭಾರತೀಯ ರೂಪಾಯಿಯಲ್ಲಿ ಕೊಡ್ತೀರೋ? ಪಕ್ಕದಲ್ಲೇ ರೂಪಾಯಿ ಮೊತ್ತ ಬರೆದಿರುತ್ತೆ. ಪರದೇಶದಲ್ಲಿ ರೂಪಾಯಿ ಚಿಹ್ನೆ ಕಂಡ ಕೂಡಲೇ ತವರಿನವರು ಸಿಕ್ಕಂಗಾಗಿ ಎಲ್ಲರೂ ಅದನ್ನೇ ಒತ್ತುತ್ತಾರೆ. ಒತ್ತಬೇಡಿ. ಇದಕ್ಕೆ ಡಿಸಿಸಿ ಅಂತಾರೆ. ರೂಪಾಯಿ ಒತ್ತಿದರೆ ದರ ಹಾಕುವವರು ವೀಸಾನೂ ಅಲ್ಲ, ನಿಮ್ಮ ಬ್ಯಾಂಕೂ ಅಲ್ಲ, ಆ ಮಷಿನ್ ಇಟ್ಟ ಕಂಪನಿ. ತನಗೆ ಬೇಕಾದ ದರ ಹಾಕುತ್ತೆ, ಅದರಲ್ಲಿ ಅಂಗಡಿಗೂ ಪಾಲು ಹೋಗಬಹುದು.

ಮೂರು ಸಾವಿರ ಬಾತ್‌ನ ಶೂ ಅಂದುಕೊಳ್ಳಿ. 2.70ಕ್ಕೆ 8,100. ಬಾತ್ ಒತ್ತಿದರೆ 3.5ರ ಮಾರ್ಕ್‌ಅಪ್ ಕಾರ್ಡಿನಲ್ಲೂ ಸುಮಾರು 8,435 ಆಗುತ್ತೆ. ರೂಪಾಯಿ ಒತ್ತಿದಾಗ ಮಷಿನ್ 6 ಪರ್ಸೆಂಟ್ ಏರಿಸಿದ್ದರೆ 8,586. ಅಲ್ಲಿಗೂ ಮುಗಿಯೋದಿಲ್ಲ. ರೂಪಾಯಿಯಲ್ಲೇ ಕೊಟ್ಟರೂ ಅಂಗಡಿ ಹೊರದೇಶದ್ದು ಅಂತ ನಮ್ಮ ಕೆಲವು ಬ್ಯಾಂಕುಗಳು ಇನ್ನೊಂದು 1 ಪರ್ಸೆಂಟ್ ಮತ್ತು ಜಿಎಸ್‌ಟಿ ಹಿಡೀತವೆ, 8,687ಕ್ಕೆ ಹೋಗಿ ನಿಲ್ಲುತ್ತೆ. ಮಾರ್ಕ್‌ಅಪ್ ಸೊನ್ನೆ ಇರುವ ಕಾರ್ಡ್ ತಗೊಂಡು ಹೋಗಿ ರೂಪಾಯಿ ಒತ್ತಿದವರ ಕಥೆ ಇನ್ನೂ ಪಾಪ, ಅವರು ಆ ಕಾರ್ಡ್ ಮಾಡಿಸಿದ್ದೇ ದಂಡ. ಎಟಿಎಮ್‌ನಲ್ಲೂ ಇದೇ ಪ್ರಶ್ನೆ ಬೇರೆ ಮಾತಿನಲ್ಲಿ ಬರುತ್ತೆ: ಈ ದರ ಒಪ್ಪುತ್ತೀರಾ ಅಂತ. ಬೇಡ ಅಂದರೆ ದುಡ್ಡು ಬರೋದಿಲ್ಲವೇನೋ ಅಂತ ಭಯ ಆಗುವ ಹಾಗೆ ಬರೆದಿರ್ತಾರೆ. ಬೇಡ ಅಂದರೂ ದುಡ್ಡು ಬರುತ್ತೆ, ನಿಮ್ಮ ಬ್ಯಾಂಕಿನ ದರದಲ್ಲಿ ಬರುತ್ತೆ. ಕೆಲವು ಸಲ ಅಂಗಡಿಯವರು ಕೇಳದೇ ತಾವೇ ರೂಪಾಯಿ ಒತ್ತಿಬಿಡ್ತಾರೆ. ಸ್ಲಿಪ್ಪಿನಲ್ಲಿ ರೂಪಾಯಿ ಕಂಡರೆ ಅಲ್ಲೇ ನಿಂತು ರದ್ದು ಮಾಡಿಸಿ ಮತ್ತೆ ಮಾಡಿಸಿ. ಹೊರಗೆ ಬಂದಮೇಲೆ ಕಷ್ಟ.

ಸ್ವಲ್ಪ ನಗದು ಬೇಕೇ ಬೇಕು. ಏರ್‌ಪೋರ್ಟಿನ ಕೌಂಟರ್‌ನಲ್ಲಿ ದರ ಸಾಮಾನ್ಯವಾಗಿ ಕೆಟ್ಟದು, ಟ್ಯಾಕ್ಸಿಗೆ ಬೇಕಾದಷ್ಟು ಮಾತ್ರ ತಗೊಳ್ಳಿ. ಇಲ್ಲೇ ವಿದೇಶಿ ನೋಟು ಕೊಳ್ಳುವಾಗಲೂ ಜಿಎಸ್‌ಟಿ ಇದೆ, ಒಂದು ಲಕ್ಷದೊಳಗೆ ಮೊತ್ತದ 0.18 ಪರ್ಸೆಂಟ್, ಕನಿಷ್ಠ 45 ರೂಪಾಯಿ. ಹಾಗಾಗಿ ಎರಡೆರಡು ಸಾವಿರದ್ದು ನಾಲ್ಕು ಸಲ ಕೊಳ್ಳಬೇಡಿ, ಇಲ್ಲೂ ಅದೇ ಕಾಕಾ ಲೆಕ್ಕ. ಟೂರ್ ಪ್ಯಾಕೇಜಿನವರು ಟಿಸಿಎಸ್ ಅಂತ ಹಿಡಿಯೋದು ಫೀಸಲ್ಲ, ತೆರಿಗೆ. ಯಾರ ಪ್ಯಾನ್ ಮೇಲೆ ಹಿಡಿದಿದ್ದಾರೋ ಅವರು ರಿಟರ್ನ್ ಹಾಕಿದರೆ ಲೆಕ್ಕಕ್ಕೆ ಬರುತ್ತೆ. ಹೋಟೆಲಿನಲ್ಲಿ ಡಿಪಾಸಿಟ್ಟಿಗೆ ಡೆಬಿಟ್ ಕಾರ್ಡ್ ಕೊಟ್ಟರೆ ಆ ದುಡ್ಡು ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳಬಹುದು, ನಗದು ಕೊಟ್ಟು ರಸೀದಿ ಇಟ್ಟುಕೊಳ್ಳೋದು ಒಳ್ಳೆಯದು.

ಇಷ್ಟೆಲ್ಲ ಓದಿಕೊಂಡು ಮುಂದಿನ ಸಲ ಊರಿಗೆ ಹೋದಾಗ ಕಾಕಾಗೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆವು. ಅವರು ಪೂರ್ತಿ ಓದಿ, ಮಡಚಿ, ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡರು. "ಅಲ್ಲಾ, ಅಣ್ಣನ ಕಾರ್ಡ್ ಬಂದ್ ಇತ್ತು ಸರಿ. ನಂದ್ ಹೆಂಗ ಚಾಲೂ ಇತ್ತು? ನಾ ಏನೂ ಮಾಡಿರ್ಲಿಲ್ಲ" ಅಂತ ಕೇಳಿದರು. ಆಗ ನೆನಪಾಯ್ತು. ಫಸ್ಟ್ ಇಯರ್‌ನಲ್ಲಿ ಯಾವುದೋ ಆನ್‌ಲೈನ್ ಕೋರ್ಸಿಗೆ ಅಂತ ಕಾಕಾನ ಕಾರ್ಡಿನ ಸ್ವಿಚ್‌ಗಳನ್ನೆಲ್ಲ ಆನ್ ಮಾಡಿದ್ದು ನಾವೇ, ಕೋರ್ಸ್ ಮುಗಿಸಲಿಲ್ಲ, ಸ್ವಿಚ್ ಆಫ್ ಮಾಡಲೂ ಇಲ್ಲ. ಎರಡು ವರ್ಷದ ಹತ್ತಿರ ಆ ಕಾರ್ಡ್ ಲೋಕಕ್ಕೆಲ್ಲ ಬಾಗಿಲು ತೆಗೆದುಕೊಂಡೇ ಕೂತಿತ್ತು. ಕಾಕಾಗೆ ಹೇಳಿದೆವು, ಬೈಸಿಕೊಂಡೆವು, ಫೋನ್ ಇಸಿದುಕೊಂಡು ಆಫ್ ಮಾಡಿದೆವು.